ಎಂ.ಎ. ನಂತರದ ಕವಲುದಾರಿ: ಡಾಕ್ಟರೇಟೋ, ಎರಡನೆಯ ಎಂ.ಎ.ಯೋ?

ವಿದ್ಯೆಗೆ ಕೊನೆಯಿಲ್ಲವೆಂಬ ಮಾತು ಎಷ್ಟು ನಿಜವೋ, ವಿದ್ಯಾರ್ಥಿಯ ಆಯುಷ್ಯಕ್ಕೂ ಅವನ ಮನೆಯವರ ಶಕ್ತಿಗೂ ಒಂದು ಮಿತಿಯುಂಟೆಂಬ ಮಾತೂ ಅಷ್ಟೇ ನಿಜ. ಈ ಎರಡು ನಿಜಗಳ ನಡುವೆ ಸಿಲುಕಿದ ತರುಣ ತರುಣಿಯರು ಪ್ರತಿ ವರ್ಷವೂ ಎದುರಿಸುವ ಒಂದು ಪ್ರಶ್ನೆಯುಂಟು. ಸ್ನಾತಕೋತ್ತರ ಪದವಿ ಕೈಗೆ ಬಂದಿದೆ; ಓದುವ ಆಸೆ ಇನ್ನೂ ಆರಿಲ್ಲ; ಮುಂದೇನು? ಪಿಎಚ್.ಡಿ. ಪದವಿಗಾಗಿ ಸಂಶೋಧನೆಗೆ ತೊಡಗಬೇಕೆ? ಅಥವಾ ಮತ್ತೊಂದು ವಿಷಯದಲ್ಲಿ ಇನ್ನೊಂದು ಎಂ.ಎ. ಮಾಡಬೇಕೆ? ಮೇಲ್ನೋಟಕ್ಕೆ ಇದು ಪದವಿಗಳ ಆಯ್ಕೆಯಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಇದು ಜೀವನದ ಅತ್ಯಂತ ಫಲವತ್ತಾದ ನಾಲ್ಕಾರು ವರ್ಷಗಳನ್ನು ಯಾವುದಕ್ಕೆ ಅರ್ಪಿಸಬೇಕೆಂಬ ಪ್ರಶ್ನೆ. ಆದುದರಿಂದ ಇದನ್ನು ಗೆಳೆಯರ ಮಾತು ಕೇಳಿ, ಇಲ್ಲವೇ ಅರ್ಜಿಯ ಕೊನೆಯ ದಿನಾಂಕ ನೋಡಿ ತೀರ್ಮಾನಿಸುವುದು ಉಚಿತವಲ್ಲ.

ಮಠಗಳ ಆಶ್ರಯದಲ್ಲಿ ಅನ್ನ, ವಸತಿ, ವಿದ್ಯೆ ಪಡೆದು ಬೆಳೆದ ಬಯಲುಸೀಮೆಯ ವಿದ್ಯಾರ್ಥಿಗೂ, ಕರಾವಳಿಯ ಸಣ್ಣ ಊರೊಂದರ ಕಾಲೇಜಿನಲ್ಲಿ ಓದಿದ ವಿದ್ಯಾರ್ಥಿಗೂ ಈ ಪ್ರಶ್ನೆ ಒಂದೇ. ಆದರೂ ಒಂದು ಊರನ್ನು ಕಣ್ಣೆದುರಿಗೆ ಇಟ್ಟುಕೊಂಡರೆ ವಿಚಾರವು ಗಾಳಿಯ ಮಾತಾಗದೆ ನೆಲಕ್ಕಿಳಿಯುತ್ತದೆ. ಉಡುಪಿ ಜಿಲ್ಲೆಯ ಕಾಪು ತಾಲೂಕಿಗೆ ಸೇರಿದ ಶಿರ್ವವು ಅದಕ್ಕೆ ಯೋಗ್ಯವಾದ ಊರು.

೧. ಊರು ಮತ್ತು ಪ್ರಶ್ನೆ

ಶಿರ್ವವು ಕಡಲತೀರದ ಕಾಪುವಿನಿಂದ ಒಳನಾಡಿಗೆ ಹೋಗುವ ದಾರಿಯಲ್ಲಿರುವ ಊರು. ದೊಡ್ಡ ನಗರವಲ್ಲದಿದ್ದರೂ ಇಲ್ಲಿ ಸೈಂಟ್ ಮೇರೀಸ್ ಕಾಲೇಜು ಮತ್ತು ಮೂಲ್ಕಿ ಸುಂದರರಾಮ ಶೆಟ್ಟಿ ಕಾಲೇಜು ಎಂಬ ಎರಡು ಪದವಿ ಕಾಲೇಜುಗಳಿವೆ. ಉಡುಪಿಯಲ್ಲಿ ೧೯೪೯ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, ಕಾರ್ಕಳದಲ್ಲಿ ೧೯೬೦ರಲ್ಲಿ ಆರಂಭವಾದ ಭುವನೇಂದ್ರ ಕಾಲೇಜು, ಮಣಿಪಾಲದ ಹಲವು ವಿದ್ಯಾಸಂಸ್ಥೆಗಳು ಎಲ್ಲವೂ ಬಸ್ಸಿನ ದಾರಿಯಲ್ಲಿಯೇ ಇವೆ. ಮಂಗಳೂರಿನ ದಕ್ಷಿಣಕ್ಕಿರುವ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ೧೯೬೮ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ತೆರೆಯಿತು. ೧೯೮೦ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಹೀಗೆ ಒಂದೆರಡು ತಲೆಮಾರಿನ ಅವಧಿಯಲ್ಲಿ ಈ ಭಾಗದ ಮಕ್ಕಳಿಗೆ ಎಂ.ಎ. ಪದವಿಯು ಮನೆಯಿಂದ ಹೊರಟು ತಲುಪಬಹುದಾದ ದೂರಕ್ಕೆ ಬಂದಿತು.

ಎಂ.ಎ. ಹತ್ತಿರವಾದಂತೆ ಅದರಾಚೆಗಿನ ಪ್ರಶ್ನೆಯೂ ಹತ್ತಿರವಾಯಿತು. ಇಂಥ ಊರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಒಬ್ಬ ಇಪ್ಪತ್ತಮೂರು ವರ್ಷದ ತರುಣಿಯನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ತುಳು, ನೆರೆಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಕೇಳಿ ಬೆಳೆದವಳು ಆಕೆ. ಅತಿಥಿ ಉಪನ್ಯಾಸಕಿಯಾಗಿ ಕೆಲಸ ದೊರೆಯುವ ಸಂಭವವುಂಟು. ಆದರೆ ಅದು ವರ್ಷ ವರ್ಷವೂ ಹೊಸದಾಗಿ ಬೇಡಬೇಕಾದ ಕೆಲಸ. ಮನೆಯವರ ದೃಷ್ಟಿಯಲ್ಲಿ ಓದು ಮುಗಿದಿದೆ. ಆಕೆಯ ದೃಷ್ಟಿಯಲ್ಲಿ ಓದು ಈಗ ತಾನೆ ಆರಂಭವಾಗಿದೆ. ಈಕೆಗೆ ಏನು ಹೇಳಬೇಕು? ಈ ಲೇಖನದ ಉದ್ದೇಶ ಅಷ್ಟನ್ನು ವಿಚಾರಿಸುವುದು.

೨. ಎರಡು ಪದವಿಗಳ ಭೇದ

ಮೊದಲು ಈ ಎರಡು ಪದವಿಗಳು ಸ್ವಭಾವದಲ್ಲಿಯೇ ಬೇರೆಬೇರೆ ಎಂಬುದನ್ನು ಮನಗಾಣಬೇಕು. ಪಿಎಚ್.ಡಿ.ಯು ಎಂ.ಎ.ಯ ಮೇಲಿನ ಮೆಟ್ಟಿಲೆಂದೂ, ಎರಡನೆಯ ಎಂ.ಎ.ಯು ಅದೇ ಮೆಟ್ಟಿಲಿನ ಮೇಲೆ ನಿಂತಲ್ಲೇ ನಿಂತಿರುವುದೆಂದೂ ಸಾಮಾನ್ಯವಾಗಿ ಜನ ಭಾವಿಸುತ್ತಾರೆ. ಇದು ಅರ್ಧಸತ್ಯ.

ಎಂ.ಎ. ಪದವಿಯು ಒಂದು ಶಾಸ್ತ್ರದಲ್ಲಿ ಹಿಂದಿನವರು ಕಂಡುಕೊಂಡ ಜ್ಞಾನವನ್ನು ಕ್ರಮಬದ್ಧವಾಗಿ ವಿದ್ಯಾರ್ಥಿಗೆ ಒಪ್ಪಿಸುವ ವ್ಯವಸ್ಥೆ. ಪಠ್ಯಕ್ರಮವನ್ನು ಹಿರಿಯರು ನಿಶ್ಚಯಿಸಿರುತ್ತಾರೆ. ಪ್ರಶ್ನೆಪತ್ರಿಕೆಯನ್ನು ಹಿರಿಯರು ರಚಿಸುತ್ತಾರೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್‌ಗಳ ಅವಧಿಯಲ್ಲಿ ವಿದ್ಯಾರ್ಥಿಯು ಓದಿ, ತಿಳಿದು, ಉತ್ತರಿಸಿ ಹೊರಬರುತ್ತಾನೆ. ಎರಡನೆಯ ಎಂ.ಎ. ಎಂದರೆ ಇನ್ನೊಂದು ಶಾಸ್ತ್ರದ ಇಂಥದೇ ಸಂಪತ್ತನ್ನು ಕೈವಶ ಮಾಡಿಕೊಳ್ಳುವುದು. ಅದು ಹೊಲವನ್ನು ವಿಸ್ತರಿಸುವ ಕೆಲಸ.

ಪಿಎಚ್.ಡಿ.ಯಲ್ಲಿ ಈ ಸಂಬಂಧ ತಿರುಗುಮುರುಗಾಗುತ್ತದೆ. ಇಲ್ಲಿ ಪ್ರಶ್ನೆಯನ್ನೂ ವಿದ್ಯಾರ್ಥಿಯೇ ಹಾಕಿಕೊಳ್ಳಬೇಕು. ಉತ್ತರವನ್ನೂ ಅವನೇ ಹುಡುಕಬೇಕು. ಆ ಉತ್ತರ ಹಿಂದೆ ಯಾರೂ ಹೇಳದುದಾಗಿರಬೇಕು. ಮಾರ್ಗದರ್ಶಕನು ದಾರಿ ತಪ್ಪದಂತೆ ಎಚ್ಚರಿಸಬಲ್ಲನೇ ಹೊರತು ಕೈಹಿಡಿದು ನಡೆಸಲಾರ. ಅದು ಬಾವಿ ತೋಡುವ ಕೆಲಸ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಬಾವಿ ತೋಡುವವನು ಸೆಲೆ ಎಲ್ಲಿದೆಯೆಂದು ವಿಚಾರಿಸದೆ ಗುದ್ದಲಿ ಹಾಕಿದರೆ ಬೆವರು ಮಾತ್ರ ಸುರಿಯುತ್ತದೆ, ನೀರು ಬರುವುದಿಲ್ಲ. ಸಂಶೋಧನೆಯ ಸೆಲೆಯೇ ಪ್ರಶ್ನೆ. ಪ್ರಶ್ನೆಯಿಲ್ಲದವನಿಗೆ ಪಿಎಚ್.ಡಿ.ಯು ಮೂರು ನೂರು ಪುಟಗಳನ್ನು ತುಂಬಿಸಬೇಕಾದ ಒಂದು ಶಿಕ್ಷೆಯಾಗಿ ಪರಿಣಮಿಸುತ್ತದೆ.

ಆದಕಾರಣ ಈ ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳುವುದು ಸರಿಯಲ್ಲ. ಹೊಲ ದೊಡ್ಡದೋ ಬಾವಿ ದೊಡ್ಡದೋ ಎಂದು ಒಕ್ಕಲಿಗನು ಕೇಳುವುದಿಲ್ಲ. ತನ್ನ ಬೇಸಾಯಕ್ಕೆ ಈಗ ಯಾವುದರ ಕೊರತೆಯಿದೆಯೆಂದು ನೋಡುತ್ತಾನೆ. ವಿದ್ಯಾರ್ಥಿಯೂ ಹಾಗೆಯೇ ನೋಡಬೇಕು. ಹೀಗೆ ನೋಡಿ ನಡೆದವರ ಒಂದು ಉಜ್ಜ್ವಲ ನಿದರ್ಶನ ಶಿರ್ವದ ನೆರೆಯಲ್ಲಿಯೇ ದೊರೆಯುತ್ತದೆ.

೩. ಮಜೂರಿನ ವಿದ್ವಾಂಸರು

ಕಾಪುವಿಗೂ ಶಿರ್ವಕ್ಕೂ ನಡುವೆ ಮಜೂರು ಎಂಬ ಗ್ರಾಮವಿದೆ. ೧೯೩೨ರಲ್ಲಿ ಅಲ್ಲಿ ಜನಿಸಿದ ಉಳಿಯಾರು ಪದ್ಮನಾಭ ಉಪಾಧ್ಯಾಯರು ಯು.ಪಿ. ಉಪಾಧ್ಯಾಯ ಎಂಬ ಹೆಸರಿನಿಂದ ಭಾಷಾವಿಜ್ಞಾನದ ಲೋಕದಲ್ಲಿ ಪ್ರಸಿದ್ಧರಾದರು. ಅವರು ಸಂಸ್ಕೃತ, ಕನ್ನಡ ಮತ್ತು ಭಾಷಾವಿಜ್ಞಾನ ಈ ಮೂರು ವಿಷಯಗಳಲ್ಲಿ ಸ್ನಾತಕೋತ್ತರ ಪದವಿಗಳನ್ನು ಪಡೆದವರು; ಅಲ್ಲದೆ ಪುಣೆಯಲ್ಲಿ ಡಾಕ್ಟರೇಟ್ ಪದವಿಯನ್ನೂ ಗಳಿಸಿದವರು. ಎರಡನೆಯ ಎಂ.ಎ.ಯೋ ಪಿಎಚ್.ಡಿ.ಯೋ ಎಂಬ ಪ್ರಶ್ನೆಗೆ ಅವರ ಜೀವನವು ಎರಡೂ ಎಂದು ಉತ್ತರಿಸುವಂತೆ ತೋರುತ್ತದೆ. ಆದರೆ ಅಷ್ಟಕ್ಕೇ ನಿಂತರೆ ಆ ಜೀವನದ ಪಾಠ ಕೈತಪ್ಪುತ್ತದೆ. ಈ ಪದವಿಗಳು ಪರಸ್ಪರ ಹೇಗೆ ಕೂಡಿಕೊಂಡವು ಎಂಬುದನ್ನು ನೋಡಬೇಕು.

ಉಪಾಧ್ಯಾಯರ ಸಂಶೋಧನೆಯ ವಿಷಯ ಕನ್ನಡದ ಉಪಭಾಷೆಗಳ ತೌಲನಿಕ ಅಧ್ಯಯನ. ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡು ಈ ನಾಲ್ಕು ಕಡೆಯ ಆಡುಮಾತುಗಳನ್ನು ಹೋಲಿಸುವ ಆ ಕೃತಿಯನ್ನು ಮೈಸೂರು ವಿಶ್ವವಿದ್ಯಾಲಯವು ೧೯೭೬ರಲ್ಲಿ ಪ್ರಕಟಿಸಿತು. ಕನ್ನಡ ನಾಡಿನ ನಾಲ್ಕು ಮೂಲೆಗಳ ಮಾತು ಎಲ್ಲಿ ಒಂದಾಗುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂಬ ಪ್ರಶ್ನೆಗೆ ಸಾಹಿತ್ಯದ ಎಂ.ಎ. ಒಂದೇ ಸಾಲದು. ಧ್ವನಿಗಳನ್ನು ಗುರುತಿಸುವ, ಪದಗಳನ್ನು ಬಿಡಿಸುವ, ರೂಪಗಳನ್ನು ವರ್ಗೀಕರಿಸುವ ಶಾಸ್ತ್ರೀಯ ಶಿಸ್ತು ಅಲ್ಲಿ ಅವಶ್ಯಕ. ಆ ಶಿಸ್ತನ್ನು ಒದಗಿಸುವುದು ಭಾಷಾವಿಜ್ಞಾನ. ೧೯೭೨ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ ಪ್ರಕಟವಾದ ಅವರ ಕನ್ನಡ ಧ್ವನಿವಾಚಿಕೆಯೂ ಇದೇ ಶಿಸ್ತಿನ ಫಲ. ಮುಂದೆ ಅವರು ಪತ್ನಿ ಸುಶೀಲಾ ಉಪಾಧ್ಯಾಯರೊಡನೆ ಸೆನೆಗಲ್ ದೇಶದ ಡಾಕಾರ್ ನಗರದಲ್ಲಿದ್ದು ದ್ರಾವಿಡ ಮತ್ತು ಆಫ್ರಿಕದ ಭಾಷೆಗಳ ಹೋಲಿಕೆಯನ್ನು ಅಭ್ಯಸಿಸಿದರು.

ಈ ಎಲ್ಲ ಸಿದ್ಧತೆಯ ಪರಿಪಕ್ವ ಫಲವೆಂದರೆ ತುಳು ನಿಘಂಟು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ಸಿದ್ಧವಾದ ಈ ನಿಘಂಟು ೧೯೮೮ರಿಂದ ೧೯೯೭ರ ವರೆಗೆ ಆರು ಸಂಪುಟಗಳಲ್ಲಿ ಹೊರಬಂದಿತು. ಅದಕ್ಕೆ ಮುನ್ನ ತುಳುವಿಗೆ ಇದ್ದ ಪ್ರಮುಖ ಕೋಶವೆಂದರೆ ೧೮೮೬ರಲ್ಲಿ ಮ್ಯಾನರ್ ಪಾದ್ರಿಯವರು ಸಿದ್ಧಪಡಿಸಿದ ತುಳು-ಇಂಗ್ಲಿಷ್ ಕೋಶ. ನೂರು ವರ್ಷಗಳ ತರುವಾಯ ಆ ಭಾಷೆಗೆ ಅದರ ನೆಲದ ಮಗನೊಬ್ಬನ ನೇತೃತ್ವದಲ್ಲಿ ವಿಸ್ತಾರವಾದ ನಿಘಂಟು ದೊರೆಯಿತು.

ಈ ಕಾರ್ಯದಲ್ಲಿ ಮೂರು ಎಂ.ಎ.ಗಳ ಪೈಕಿ ಯಾವುದೂ ವ್ಯರ್ಥವಾಗಲಿಲ್ಲವೆಂಬುದನ್ನು ಗಮನಿಸಬೇಕು. ತುಳುವಿನಲ್ಲಿ ಸೇರಿಹೋಗಿರುವ ತತ್ಸಮ ತದ್ಭವಗಳನ್ನು ಗುರುತಿಸಲು ಸಂಸ್ಕೃತ ಬೇಕು. ಅರ್ಥ ಹೇಳುವುದಕ್ಕೂ ಜ್ಞಾತಿಪದಗಳನ್ನು ತೋರಿಸುವುದಕ್ಕೂ ಕನ್ನಡ ಬೇಕು. ಪ್ರದೇಶದಿಂದ ಪ್ರದೇಶಕ್ಕೆ, ಸಮುದಾಯದಿಂದ ಸಮುದಾಯಕ್ಕೆ ಬದಲಾಗುವ ರೂಪಗಳನ್ನು ದಾಖಲಿಸಲು ಭಾಷಾವಿಜ್ಞಾನ ಬೇಕು. ಒಂದು ಸಣ್ಣ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ತುಳುವಿನಲ್ಲಿ ನಾನು ಬರುತ್ತೇನೆ ಎನ್ನಲು ‘ಯಾನ್ ಬರ್ಪೆ’ ಎಂದೂ, ಅವನು ಬರುತ್ತಾನೆ ಎನ್ನಲು ‘ಆಯೆ ಬರ್ಪೆ’ ಎಂದೂ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಬರೆವಣಿಗೆಯಲ್ಲಿ ಎರಡು ಕ್ರಿಯಾಪದಗಳೂ ಒಂದೇ. ಆದರೆ ತುಳುವರ ಬಾಯಲ್ಲಿ ಕೊನೆಯ ಸ್ವರಗಳು ಬೇರೆ. ಮೊದಲನೆಯದು ಹೆಚ್ಚು ತೆರೆದ ಎಕಾರ, ಎರಡನೆಯದು ಸಾಮಾನ್ಯ ಎಕಾರ. ಶಿರ್ವದ ಮಗುವಿನ ಕಿವಿಗೆ ಈ ಭೇದ ಹುಟ್ಟಿನಿಂದಲೇ ಗೊತ್ತು. ಆದರೆ ಅದನ್ನು ಶಾಸ್ತ್ರದ ಭಾಷೆಯಲ್ಲಿ ಹೇಳಿ, ಲಿಪಿಯಲ್ಲಿ ಹಿಡಿದಿಟ್ಟು, ನಿಘಂಟಿನಲ್ಲಿ ಕಾಣಿಸಲು ತರಬೇತಾದ ಕಿವಿ ಬೇಕು. ಹುಟ್ಟಿನಿಂದ ಬಂದ ಸಂಪತ್ತನ್ನು ಜ್ಞಾನವಾಗಿ ಪರಿವರ್ತಿಸುವುದೇ ಇಲ್ಲಿ ಇನ್ನೊಂದು ಎಂ.ಎ.ಯ ಸಾರ್ಥಕತೆ. ೨೦೨೦ರಲ್ಲಿ ಉಪಾಧ್ಯಾಯರು ನಿಧನರಾದಾಗ ನಾಡು ಸ್ಮರಿಸಿದ್ದು ಅವರ ಪದವಿಗಳ ಪಟ್ಟಿಗಿಂತ ಹೆಚ್ಚಾಗಿ ಆ ಆರು ಸಂಪುಟಗಳನ್ನು.

೪. ಬೇರೆ ಬೇರೆ ದಾರಿಗಳು

ಉಪಾಧ್ಯಾಯರದು ಎರಡೂ ಪದವಿಗಳ ದಾರಿ. ಕನ್ನಡ ವಿದ್ವತ್ತಿನ ಇತಿಹಾಸದಲ್ಲಿ ಬೇರೆ ದಾರಿಗಳೂ ಇವೆ. ಒಂದೊಂದನ್ನೂ ಹೋಲಿಸಿ ನೋಡುವುದು ಲಾಭಕರ.

ತೀ.ನಂ. ಶ್ರೀಕಂಠಯ್ಯನವರು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಎಂ.ಎ. ಪದವೀಧರರು. ಅವರು ಪಿಎಚ್.ಡಿ. ಪಡೆಯಲಿಲ್ಲ. ಆದರೂ ೧೯೫೩ರಲ್ಲಿ ಪ್ರಕಟವಾದ ಅವರ ‘ಭಾರತೀಯ ಕಾವ್ಯಮೀಮಾಂಸೆ’ಯು ಇಂದಿಗೂ ಎಂ.ಎ. ತರಗತಿಗಳ ಆಧಾರಗ್ರಂಥ. ರಸ, ಧ್ವನಿ, ಔಚಿತ್ಯಗಳನ್ನು ವಿವರಿಸುವಾಗ ಪಾಶ್ಚಾತ್ಯ ವಿಮರ್ಶೆಯ ಬೆಳಕನ್ನೂ ಅಳತೆಯರಿತು ಬಳಸುವ ಸಮತೋಲ ಆ ಗ್ರಂಥದಲ್ಲಿದೆ. ಎರಡು ಸಾಹಿತ್ಯಗಳಲ್ಲಿ ನೆಲೆಯೂರಿದ ಮನಸ್ಸಿಗೆ ಮಾತ್ರ ಸಾಧ್ಯವಾಗುವ ಸಮತೋಲವದು. ಇಲ್ಲಿ ಎರಡನೆಯ ಎಂ.ಎ.ಯು ಡಾಕ್ಟರೇಟಿನ ಬದಲಿಯಾಗಿ ಬರಲಿಲ್ಲ. ಒಂದು ಸಾಹಿತ್ಯದೃಷ್ಟಿಗೆ ಎರಡನೆಯ ಕಣ್ಣಾಗಿ ಬಂದಿತು.

ಡಾಕ್ಟರೇಟ್ ಪಡೆಯದ ಇದೇ ಶ್ರೀಕಂಠಯ್ಯನವರು ಎಂ. ಚಿದಾನಂದಮೂರ್ತಿಯವರ ಪಿಎಚ್.ಡಿ. ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದರು. ೧೯೬೬ರಲ್ಲಿ ಪ್ರಕಟವಾದ ಆ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಸಂಶೋಧನೆಯ ಆದರ್ಶವೆಂದು ಹೇಳಲು ಕಾರಣವುಂಟು. ಕ್ರಿ.ಶ. ೪೫೦ರಿಂದ ೧೧೫೦ರ ವರೆಗೆ ಎಂದು ಕಾಲದ ಎಲ್ಲೆಯನ್ನು ಹಾಕಿಕೊಂಡು, ಶಾಸನಗಳನ್ನು ರಾಜರ ವಂಶಾವಳಿಗಾಗಿ ಮಾತ್ರವಲ್ಲದೆ ಜನಜೀವನದ ಸಾಕ್ಷ್ಯವಾಗಿ ಓದಬೇಕೆಂಬ ಒಂದು ಪ್ರಶ್ನೆಯನ್ನು ಅದು ಹಿಡಿದಿತ್ತು. ಕನ್ನಡ ಎಂ.ಎ. ಪದವೀಧರರಾದ ಅವರು ಶಾಸನಗಳನ್ನು ಓದುತ್ತ ಓದುತ್ತಲೇ ಶಾಸನಶಾಸ್ತ್ರವನ್ನು ಕರಗತ ಮಾಡಿಕೊಂಡರು. ಬೇಕಾದ ವಿದ್ಯೆಯೆಲ್ಲಕ್ಕೂ ಒಂದೊಂದು ಎಂ.ಎ. ಬೇಕಾಗಿಲ್ಲವೆಂಬುದು ಇದರಿಂದ ತಿಳಿದುಬರುತ್ತದೆ.

ಕರಾವಳಿಯಲ್ಲಿ ಬಿ.ಎ. ವಿವೇಕ ರೈ ಅವರ ದಾರಿ ಇನ್ನೊಂದು ಬಗೆಯದು. ವಿಜ್ಞಾನದ ಪದವಿಯ ಅನಂತರ ಅವರು ಮಂಗಳಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿ, ತುಳು ಜನಪದ ಸಾಹಿತ್ಯವನ್ನೇ ಪಿಎಚ್.ಡಿ.ಯ ವಿಷಯವಾಗಿ ಆರಿಸಿಕೊಂಡರು. ಪಾಡ್ದನ, ಕಬಿತೆ, ಗಾದೆ, ಒಗಟುಗಳು ತಮ್ಮ ಸುತ್ತಲಿನ ಜನರ ನಾಲಗೆಯ ಮೇಲೆಯೇ ಇದ್ದವು. ಅವನ್ನು ವರ್ಗೀಕರಿಸಿ ವಿಶ್ಲೇಷಿಸುವ ಕೆಲಸ ಕಾದಿತ್ತು. ಪ್ರಶ್ನೆ ಸಿದ್ಧವಾಗಿತ್ತು, ಸಾಮಗ್ರಿ ಹತ್ತಿರವಿತ್ತು. ಅಂಥ ಕಡೆ ನೇರವಾಗಿ ಸಂಶೋಧನೆಗೆ ತೊಡಗುವುದೇ ಯುಕ್ತ.

ಕೊನೆಯದಾಗಿ, ವಚನ ಸಾಹಿತ್ಯದ ಋಣವನ್ನು ಬಲ್ಲವರೆಲ್ಲರೂ ನೆನೆಯಬೇಕಾದ ಹೆಸರು ಫ.ಗು. ಹಳಕಟ್ಟಿಯವರದು. ಬಿ.ಎ., ಎಲ್‌ಎಲ್.ಬಿ. ಪದವೀಧರರಾಗಿ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರಿಗೆ ಎಂ.ಎ.ಯೂ ಇರಲಿಲ್ಲ, ಪಿಎಚ್.ಡಿ.ಯೂ ಇರಲಿಲ್ಲ. ಮನೆಮನೆಗಳ ಜಗುಲಿಯಲ್ಲಿ ಪೂಜೆಗೊಳ್ಳುತ್ತಿದ್ದ ತಾಡವೋಲೆಗಳನ್ನು ಸಂಗ್ರಹಿಸಿ ಅವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ೧೯೫೬ರಲ್ಲಿ ಅವರಿಗೆ ಗೌರವ ಡಿ.ಲಿಟ್. ನೀಡಿತು. ಪದವಿ ಕೆಲಸದ ಹಿಂದೆ ಬಂದಿತು, ಮುಂದೆ ಬರಲಿಲ್ಲ. ಇದೇ ಪರಂಪರೆಯ ಎಸ್.ಸಿ. ನಂದೀಮಠರು ಲಂಡನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು, ೧೯೪೨ರಲ್ಲಿ ಇಂಗ್ಲಿಷಿನಲ್ಲಿ ವೀರಶೈವ ಕೈಪಿಡಿಯನ್ನು ಪ್ರಕಟಿಸಿ ಹೊರನಾಡಿನ ವಿದ್ವಾಂಸರಿಗೆ ಈ ಧರ್ಮದ ಪರಿಚಯ ಮಾಡಿಕೊಟ್ಟರು. ಒಬ್ಬರು ಪದವಿಯಿಲ್ಲದೆ ಆಕರಗಳನ್ನು ಉಳಿಸಿದರು. ಇನ್ನೊಬ್ಬರು ಪದವಿಯ ಶಿಸ್ತಿನಿಂದ ಅವುಗಳ ತತ್ತ್ವವನ್ನು ವಿವರಿಸಿದರು. ಸಮಾಜಕ್ಕೆ ಇಬ್ಬರೂ ಬೇಕಾದವರು.

ಈ ಎಲ್ಲ ನಿದರ್ಶನಗಳಲ್ಲಿ ದಾರಿಗಳು ಬೇರೆ. ಆದರೆ ಒಂದು ಅಂಶ ಸಮಾನ. ಯಾರೂ ಪದವಿಯನ್ನು ಮೊದಲು ನಿಶ್ಚಯಿಸಿ ಆಮೇಲೆ ಅದಕ್ಕೊಂದು ಕೆಲಸ ಹುಡುಕಲಿಲ್ಲ. ಕೆಲಸವು ಯಾವ ವಿದ್ಯೆಯನ್ನು ಬೇಡಿತೋ ಆ ವಿದ್ಯೆಯನ್ನು ಅರಸಿ ಹೋದರು.

೫. ಕಾಲ, ಹಣ, ನಿಯಮ

ಆದರೆ ಹಳಕಟ್ಟಿಯವರ ಕಾಲ ಬೇರೆ, ಇಂದಿನ ಕಾಲ ಬೇರೆ. ಇಂದು ಕಾಲೇಜು ಅಧ್ಯಾಪಕರಾಗಬಯಸುವವರು ನಿಯಮಗಳನ್ನು ಅರಿಯದೆ ಹೆಜ್ಜೆಯಿಡುವುದು ಅಪಾಯಕರ. ಆದುದರಿಂದ ವ್ಯಾವಹಾರಿಕವಾದ ಕೆಲವು ಅಂಶಗಳನ್ನು ಇಲ್ಲಿ ಸಂಗ್ರಹಿಸಿದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ ೨೦೨೨ರ ನಿಯಮಾವಳಿಯ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ೩ ವರ್ಷ, ಗರಿಷ್ಠ ೬ ವರ್ಷಗಳ ಅವಧಿಯಿದೆ. ಮಹಿಳೆಯರಿಗೂ ಶೇಕಡ ೪೦ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಇನ್ನೂ ೨ ವರ್ಷಗಳ ಸಡಿಲಿಕೆಯುಂಟು. ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇಕಡ ೫೫ ಅಂಕಗಳು ಬೇಕು. ಆರಂಭದಲ್ಲಿ ಪೂರ್ವಸಿದ್ಧತಾ ಪಾಠಕ್ರಮವನ್ನು ಮುಗಿಸಬೇಕು. ಕೊನೆಗೆ ಪ್ರಬಂಧವನ್ನು ಹೊರಗಿನ ಪರೀಕ್ಷಕರು ಪರಿಶೀಲಿಸಿದ ಮೇಲೆ ಮೌಖಿಕ ಪರೀಕ್ಷೆ ನಡೆಯುತ್ತದೆ. ಹಿಂದೆ ಎಂ.ಎ.ಗೂ ಪಿಎಚ್.ಡಿ.ಗೂ ನಡುವೆ ಸೇತುವೆಯಂತಿದ್ದ ಎಂ.ಫಿಲ್. ಪದವಿಯನ್ನು ಇದೇ ನಿಯಮಾವಳಿ ಕೊನೆಗೊಳಿಸಿತು. ಸಂಶೋಧನೆ ತನಗೆ ಒಗ್ಗುವುದೇ ಎಂದು ಒಂದು ವರ್ಷ ಪರೀಕ್ಷಿಸಿ ನೋಡುವ ಅವಕಾಶ ಇದರಿಂದ ತಪ್ಪಿತು. ಆದಕಾರಣ ಪ್ರವೇಶಕ್ಕೆ ಮೊದಲೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಹೊಣೆ ವಿದ್ಯಾರ್ಥಿಯ ಮೇಲೆಯೇ ಬಿದ್ದಿದೆ.

ಸ್ಥಳದ ಅಭಾವವನ್ನೂ ಮರೆಯಲಾಗದು. ಅದೇ ನಿಯಮಾವಳಿಯಂತೆ ಒಬ್ಬ ಪ್ರಾಧ್ಯಾಪಕರು ಒಂದು ಕಾಲಕ್ಕೆ ೮, ಸಹ ಪ್ರಾಧ್ಯಾಪಕರು ೬, ಸಹಾಯಕ ಪ್ರಾಧ್ಯಾಪಕರು ೪ ಸಂಶೋಧನಾರ್ಥಿಗಳಿಗಿಂತ ಹೆಚ್ಚು ಜನರಿಗೆ ಮಾರ್ಗದರ್ಶನ ಮಾಡುವಂತಿಲ್ಲ. ವಿಭಾಗದಲ್ಲಿ ಅಧ್ಯಾಪಕರ ಹುದ್ದೆ ಖಾಲಿಯಿದ್ದರೆ ಸ್ಥಳಗಳು ಇನ್ನೂ ಕಡಿಮೆ. ಆದುದರಿಂದ ತನ್ನ ವಿಷಯವನ್ನು ಬಲ್ಲ ಮಾರ್ಗದರ್ಶಕರು ಎಲ್ಲಿದ್ದಾರೆಂದು ವಿಚಾರಿಸುವುದು ಅರ್ಜಿ ತುಂಬುವುದಕ್ಕಿಂತ ಮೊದಲಿನ ಕೆಲಸ.

ಜೀವನೋಪಾಯದ ವಿಚಾರವೂ ಮುಖ್ಯ. ೨೦೨೩ರ ತಿದ್ದುಪಡಿಯಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಪರೀಕ್ಷೆಯ ತೇರ್ಗಡೆಯು ಕನಿಷ್ಠ ಅರ್ಹತೆಯಾಯಿತು, ಪಿಎಚ್.ಡಿ. ಐಚ್ಛಿಕವಾಯಿತು. ಅಂದರೆ ಕೇವಲ ಉದ್ಯೋಗಪ್ರವೇಶಕ್ಕಾಗಿ ಡಾಕ್ಟರೇಟ್ ಅನಿವಾರ್ಯವೆಂಬ ಭಯದಿಂದ ಅದಕ್ಕೆ ಧುಮುಕಬೇಕಾಗಿಲ್ಲ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ವೇತನಕ್ಕೆ ಆಯ್ಕೆಯಾದವರಿಗೆ ೨೦೨೩ರ ಜನವರಿಯಿಂದ ಅನ್ವಯಿಸುವಂತೆ ತಿಂಗಳಿಗೆ ೩೭,೦೦೦ ರೂಪಾಯಿ ನಿಗದಿಯಾಯಿತು. ಆದರೆ ಆ ವೇತನಕ್ಕೆ ಸಾಮಾನ್ಯ ವರ್ಗದವರಿಗೆ ೩೦ ವರ್ಷಗಳ ವಯೋಮಿತಿಯಿದೆ. ಮಹಿಳೆಯರಿಗೂ ಮೀಸಲು ವರ್ಗಗಳವರಿಗೂ ೫ ವರ್ಷಗಳ ಸಡಿಲಿಕೆಯಿದೆ. ಬಡಕುಟುಂಬದ ವಿದ್ಯಾರ್ಥಿಗೆ ಈ ಸಂಖ್ಯೆ ಬಹಳ ದೊಡ್ಡದು. ವೇತನದೊಡನೆ ಸಂಶೋಧನೆ ಮಾಡುವವನು ಮನೆಗೆ ಭಾರವಾಗುವುದಿಲ್ಲ. ವೇತನವಿಲ್ಲದೆ ಆರು ವರ್ಷ ಕಳೆಯುವವನ ಪ್ರಬಂಧದ ಪ್ರತಿಯೊಂದು ಪುಟಕ್ಕೂ ತಂದೆತಾಯಿಯರು ಬೆಲೆ ತೆರುತ್ತಾರೆ.

ಎರಡನೆಯ ಎಂ.ಎ.ಯ ಲೆಕ್ಕ ಇದಕ್ಕಿಂತ ಸರಳ. ಎರಡು ವರ್ಷಗಳ ನಿಶ್ಚಿತ ಅವಧಿ. ದೂರಶಿಕ್ಷಣದ ಮೂಲಕ ಓದಿದರೆ ಅಧ್ಯಾಪನ ಮಾಡುತ್ತಲೇ ಮುಗಿಸಬಹುದು. ೧೯೯೬ರಲ್ಲಿ ಸ್ಥಾಪಿತವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಅನೇಕ ಶಿಕ್ಷಕರಿಗೆ ಈ ರೀತಿಯಲ್ಲಿ ನೆರವಾಗಿದೆ. ಇನ್ನೊಂದು ವಿಷಯದ ನೆಟ್ ಪರೀಕ್ಷೆಗೂ ದಾರಿ ತೆರೆಯುತ್ತದೆ. ಆದರೆ ಅದಕ್ಕೆ ಸಂಶೋಧನ ವೇತನವಿಲ್ಲ. ಅಲ್ಲದೆ ಮೊದಲನೆಯ ಎಂ.ಎ.ಯಲ್ಲಿ ಆಳವಿಲ್ಲದವನಿಗೆ ಎರಡನೆಯದರಿಂದ ಆಳ ತಾನಾಗಿ ಬರುವುದಿಲ್ಲ. ಎರಡು ತೆಳುವಾದ ಪದರಗಳು ಮಾತ್ರ ಉಳಿಯುತ್ತವೆ.

೬. ತೀರ್ಮಾನದ ಕ್ರಮ

ಈಗ ಶಿರ್ವದ ಆ ತರುಣಿಯ ಪ್ರಶ್ನೆಗೆ ಹಿಂದಿರುಗಬಹುದು. ಆಕೆಯು ತನ್ನನ್ನು ತಾನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಿಕೊಳ್ಳುವುದು ಉತ್ತಮ.

ಮೊದಲನೆಯದು: ತನ್ನದೇ ಆದ ಒಂದು ಪ್ರಶ್ನೆಯಿದೆಯೆ? ಇದನ್ನು ತಿಳಿಯಲು ಸುಲಭವಾದ ಉಪಾಯವೊಂದುಂಟು. ಒಂದು ತಿಂಗಳ ಕಾಲ ಗ್ರಂಥಾಲಯದಲ್ಲಿ ಕುಳಿತು, ತಾನು ಏನನ್ನು ಅರಿಯಬೇಕೆಂದಿದ್ದಾಳೆ, ಅದರ ಬಗ್ಗೆ ಹಿಂದಿನವರು ಏನು ಹೇಳಿದ್ದಾರೆ, ಯಾವುದು ಉಳಿದಿದೆ, ಸಾಮಗ್ರಿ ಎಲ್ಲಿದೆ ಎಂಬ ನಾಲ್ಕು ಅಂಶಗಳನ್ನು ಒಂದು ಪುಟದಲ್ಲಿ ಬರೆಯಲಿ. ಬರೆದುದನ್ನು ಒಬ್ಬ ನಿಷ್ಠುರ ಅಧ್ಯಾಪಕರಿಗೆ ತೋರಿಸಲಿ. ಆ ಒಂದು ಪುಟ ನಿಂತರೆ ಮುನ್ನೂರು ಪುಟಗಳೂ ನಿಲ್ಲುತ್ತವೆ. ಅದು ನಿಲ್ಲದಿದ್ದರೆ ಪಿಎಚ್.ಡಿ.ಯ ಕಾಲ ಇನ್ನೂ ಬಂದಿಲ್ಲವೆಂದು ತಿಳಿಯಬೇಕು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಎರಡನೆಯದು: ಆ ಪ್ರಶ್ನೆಯನ್ನು ಬಿಡಿಸಲು 
ಬೇಕಾದ ಉಪಕರಣ ತನ್ನ ಕೈಯಲ್ಲಿದೆಯೆ? ಶಿರ್ವದ ಪೇಟೆಯಲ್ಲಿ ಒಂದೇ ವ್ಯಕ್ತಿಯು ತುಳು, ಕೊಂಕಣಿ, ಕನ್ನಡಗಳ ನಡುವೆ ಹೇಗೆ ಓಡಾಡುತ್ತಾನೆಂಬ ಪ್ರಶ್ನೆ ಆಕೆಯನ್ನು ಕಾಡುತ್ತಿದ್ದರೆ, ಕನ್ನಡ ಸಾಹಿತ್ಯದ ಎಂ.ಎ. ಅದಕ್ಕೆ ಸಾಲದು. ಭಾಷಾವಿಜ್ಞಾನದ ಎಂ.ಎ. ಅಲ್ಲಿ ಸಾರ್ಥಕ. ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ೨೦೧೬ರಲ್ಲಿ ಕೊಂಕಣಿ ಎಂ.ಎ.ಯೂ ೨೦೧೮ರಲ್ಲಿ ತುಳು ಎಂ.ಎ.ಯೂ ಆರಂಭಗೊಂಡುದು ಇಂಥ ಆಸಕ್ತಿಗಳಿಗೆ ಹೊಸ ಬಾಗಿಲು ತೆರೆಯಿತು. ಅಂಥ ತರಗತಿಗಳಿಗೆ ಸೇರಬಯಸುವವರು ಆಯಾ ವರ್ಷದ ಪ್ರವೇಶದ ವಿವರವನ್ನು ವಿಶ್ವವಿದ್ಯಾಲಯದಿಂದಲೇ ತಿಳಿದುಕೊಳ್ಳಬೇಕು. ಪ್ರಶ್ನೆಯು ಹಳೆಯ ಗ್ರಂಥಗಳದಾದರೆ ಸಂಸ್ಕೃತ ಬೇಕಾಗಬಹುದು. ಗುತ್ತಿನ ಮನೆಗಳ ಕಡತಗಳದಾದರೆ ಇತಿಹಾಸ ಬೇಕಾಗಬಹುದು.

ಮೂರನೆಯದು: ಆ ಉಪಕರಣವು ಎಂ.ಎ. ಇಲ್ಲದೆ ದೊರೆಯುವುದೆ? ಶಾಸನಗಳನ್ನು ಓದುವ ವಿದ್ಯೆ, ಕ್ಷೇತ್ರಕಾರ್ಯದ ಕ್ರಮ, ಹಸ್ತಪ್ರತಿಗಳ ಪರಿಷ್ಕರಣೆ ಇವುಗಳನ್ನು ಅಲ್ಪಾವಧಿಯ ಶಿಬಿರಗಳಲ್ಲಿ, ಡಿಪ್ಲೊಮಾಗಳಲ್ಲಿ, ಗುರುಮುಖದಿಂದ ಕಲಿಯಲು ಸಾಧ್ಯ. ಹಾಗೆ ಸಾಧ್ಯವಾದರೆ ಎರಡು ವರ್ಷಗಳನ್ನು ಉಳಿಸಿಕೊಂಡು ನೇರವಾಗಿ ಸಂಶೋಧನೆಗೆ ಇಳಿಯುವುದು ಜಾಣತನ.

ಪ್ರಶ್ನೆಯೂ ಉಪಕರಣವೂ ಇದ್ದರೆ ಪಿಎಚ್.ಡಿ.; ಪ್ರಶ್ನೆಯಿದ್ದು ಉಪಕರಣವಿಲ್ಲದಿದ್ದರೆ ಮೊದಲು ಇನ್ನೊಂದು ಎಂ.ಎ., ಆಮೇಲೆ ಪಿಎಚ್.ಡಿ.; ಎರಡೂ ಇಲ್ಲದಿದ್ದರೆ ನೆಟ್ ಅಥವಾ ಸೆಟ್ ಪರೀಕ್ಷೆಗೆ ಸಿದ್ಧತೆ, ಅಧ್ಯಾಪನ, ಓದು. ತರಗತಿಯಲ್ಲಿ ನಾಲ್ಕು ವರ್ಷ ಪಾಠ ಹೇಳಿದವರಿಗೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಏಕೆಂದರೆ ಪಾಠ ಹೇಳುವಾಗಲೇ ತನಗೆ ಏನು ತಿಳಿದಿಲ್ಲವೆಂಬುದು ಅಧ್ಯಾಪಕನಿಗೆ ಗೊತ್ತಾಗುವುದು. ನಿರುದ್ಯೋಗವನ್ನು ಮುಂದೂಡುವುದಕ್ಕಾಗಿ, ಮದುವೆಯ ಮಾತನ್ನು ತಪ್ಪಿಸುವುದಕ್ಕಾಗಿ, ಹೆಸರಿನ ಮುಂದೆ ‘ಡಾ.’ ಎಂಬ ಅಕ್ಷರ ಬರಲೆಂಬುದಕ್ಕಾಗಿ ಯಾವ ಪದವಿಗೂ ಸೇರಬಾರದು. ಇವೆಲ್ಲ ಬೇರೆ ಸಮಸ್ಯೆಗಳು. ವಿಶ್ವವಿದ್ಯಾಲಯವು ಅವುಗಳಿಗೆ ಪರಿಹಾರವಲ್ಲ.

೭. ವಿದ್ಯೆ ಒಂದು ಕಾಯಕ

ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕಾಯಕದಲ್ಲಿ ಮೇಲುಕೀಳೆಂಬುದಿಲ್ಲ, ಅದು ಸತ್ಯಶುದ್ಧವಾಗಿದೆಯೆ ಎಂಬುದಷ್ಟೇ ಅಲ್ಲಿನ ಅಳತೆ. ವಿದ್ಯೆಯ ಕಾಯಕಕ್ಕೂ ಇದೇ ಅಳತೆ ಸಲ್ಲುತ್ತದೆ. ಇತರರಿಂದ ಬರೆಸಿದ ಪ್ರಬಂಧ, ಇತರರ ಗ್ರಂಥದಿಂದ ಎತ್ತಿದ ಅಧ್ಯಾಯ, ಓದದೆ ಪಡೆದ ಎರಡನೆಯ ಪ್ರಮಾಣಪತ್ರ ಇವು ಬೆವರಿಲ್ಲದ ಗಳಿಕೆಗಳು, ಕಾಯಕವೆನಿಸಲಾರವು. ಪ್ರಾಮಾಣಿಕವಾಗಿ ಓದಿದ ಎಂ.ಎ.ಯೊಂದು ಅಪ್ರಾಮಾಣಿಕ ಡಾಕ್ಟರೇಟಿಗಿಂತ ನೂರು ಪಾಲು ಮೇಲು.

ಕಾಯಕದ ಜೊತೆಗೆ ದಾಸೋಹವುಂಟು. ಸಮಾಜವು ತನ್ನ ಅನ್ನದ ಒಂದು ಭಾಗವನ್ನು ವಿದ್ಯಾರ್ಥಿಗೆ ಕೊಟ್ಟು ಓದಿಸುತ್ತದೆ. ಮಠದ ಪ್ರಸಾದನಿಲಯವಾಗಲಿ, ಸರಕಾರದ ಸಂಶೋಧನ ವೇತನವಾಗಲಿ, ತಾಯಿಯ ಬೀಡಿಯ ದುಡಿಮೆಯಾಗಲಿ, ಎಲ್ಲವೂ ಆ ಅನ್ನದ ರೂಪಗಳೇ. ಓದಿನಿಂದ ಗಳಿಸಿದುದನ್ನು ಮರಳಿ ಸಮಾಜಕ್ಕೆ ಉಣಬಡಿಸುವುದು ಜ್ಞಾನದಾಸೋಹ. ಮಜೂರಿನ ವಿದ್ವಾಂಸರು ಹಲವು ದೇಶಭಾಷೆಗಳನ್ನು ಬಲ್ಲವರಾದ ಮೇಲೂ ಊರಿನ ಮಾತಿಗೆ ಒಂದು ನಿಘಂಟನ್ನು ಕಟ್ಟಿಕೊಟ್ಟುದು ಈ ಬಗೆಯ ದಾಸೋಹವೇ ಸರಿ.

ಶಿರ್ವದಂಥ ಊರುಗಳಲ್ಲಿ, ಬಯಲುಸೀಮೆಯ ಹಳ್ಳಿಗಳಲ್ಲಿ ಇನ್ನೂ ಯಾರೂ ಕೇಳದ ಪ್ರಶ್ನೆಗಳು ಎಷ್ಟೋ ಉಳಿದಿವೆ. ಅವುಗಳಲ್ಲಿ ಒಂದನ್ನು ತನ್ನದನ್ನಾಗಿ ಮಾಡಿಕೊಂಡ ವಿದ್ಯಾರ್ಥಿಗೆ ಯಾವ ಪದವಿ ಬೇಕೆಂಬುದನ್ನು ಆ ಪ್ರಶ್ನೆಯೇ ಹೇಳುತ್ತದೆ. ಅಲ್ಲಿಯವರೆಗೆ ಆತುರಪಡದೆ ಕಾಯುವುದೂ ವಿದ್ಯೆಯ ಒಂದು ಭಾಗವೆಂದು ಅರಿತು ನಡೆದರೆ ಪಡೆದ ಪದವಿ ಒಂದೇ ಆಗಲಿ, ಹಲವಾಗಲಿ, ಅದು ಪಡೆದವರಿಗೂ ಓದಿಸಿದವರಿಗೂ ಸಾರ್ಥಕವಾಗುತ್ತದೆ.